ಇಂಗ್ಲೆಂಡಿನ ಸಂತೆಯಲ್ಲಿ ನಮ್ಮನೆ ಇಂಗ್ಲಿಷ್ ಟೀಚರು

ನಮ್ಮ ಅತ್ತೆಗೆ ಲಂಡನ್ ಬೇಕಿರಲಿಲ್ಲ. "ಲಂಡನ್ ಎಲ್ಲಾರೂ ನೋಡ್ತಾರ," ಎಂದು ಅವರು ಕ್ಯಾಲಿಫೋರ್ನಿಯಾದ ಹೇವರ್ಡ್‌ನ ನಮ್ಮ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಹೇಳಿದರು. "ನನಗ ಒಂದು ಮಾರ್ಕೆಟ್ ಟೌನ್ ತೋರಸ್ರಿ. ಅಷ್ಟ ಸಾಕು."

ಕೇಳಿದವನು ನನ್ನ ಗಂಡ. ರೆಡ್‌ವುಡ್ ಸಿಟಿಯ ಅವನ ಆಫೀಸಿನಲ್ಲಿ ಎರಡು ವಾರ ರಜೆ ಕೊಟ್ಟಿದ್ದರು. ಎಲ್ಲಿಗೆ ಹೋಗೋಣ ಎಂದು ತಾಯಿಯನ್ನು ಕೇಳಿದರೆ ಯಾವುದಾದರೂ ಜಲಪಾತದ ಹೆಸರು ಹೇಳುತ್ತಾರೆ, ಒಂದು ದಿನ ಡ್ರೈವ್ ಮಾಡಿದರೆ ಮುಗಿಯಿತು ಎಂದುಕೊಂಡಿದ್ದ. ಅತ್ತೆ ನಮ್ಮೊಂದಿಗೆ ಇರತೊಡಗಿ ಮೂರು ವರ್ಷವಾಗಿತ್ತು. ಮನೆಗೆ ನೆಂಟರು ಬಂದಾಗಲೆಲ್ಲ ಅವರ ಜೊತೆ ಹೋಗಿ ಹೋಗಿ ಗೋಲ್ಡನ್ ಗೇಟ್ ಸೇತುವೆಯನ್ನು ಅದರ ಬಣ್ಣ ಬಳಿಯುವವರಿಗಿಂತ ಹೆಚ್ಚು ಸಲ ನೋಡಿದ್ದರು. ಈ ಸಲ ತಮಗೆ ಬೇಕಾದದ್ದನ್ನು ಕೇಳಿದ್ದರು.

ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅತ್ತೆ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವರು. ಎಂಟನೆಯ ಇಯತ್ತೆಯ ಪಠ್ಯದಲ್ಲಿ ಇಂಗ್ಲೆಂಡಿನ ಒಂದು ಸಂತೆ ಊರಿನ ಬಗ್ಗೆ ಪಾಠವಿತ್ತಂತೆ. ಕಲ್ಲು ಹಾಸಿದ ಬೀದಿ, ಕಂಬಗಳ ಮೇಲೆ ನಿಂತ ಪುರಭವನ, ಅದರ ನೆತ್ತಿಯ ಮೇಲೊಂದು ಗಡಿಯಾರ, ಬುಟ್ಟಿಯಲ್ಲಿ ಬೆಣ್ಣೆ ಮತ್ತು ಗೂಸ್‌ಬೆರಿ ಇಟ್ಟುಕೊಂಡು ಕೂತ ರೈತನ ಹೆಂಡತಿ. ಪಠ್ಯ ಬದಲಾದ ಮೇಲೂ ಅತ್ತೆ ಆ ಪಾಠವನ್ನು ಬಿಡಲಿಲ್ಲ, ವ್ಯಾಕರಣದ ಪೀರಿಯಡ್ಡಿನಲ್ಲಿ ನುಸುಳಿಸುತ್ತಿದ್ದರು. ಮಾರ್ಕೆಟ್ ಟೌನ್ ಅಂದರೇನು ಟೀಚರ್ ಎಂದು ಹುಡುಗಿಯರು ಕೇಳಿದರೆ, "ನಮ್ಮ ಮಂಗಳವಾರದ ಸಂತಿ ಇದ್ದಂಗ. ಆದರ ಅವರು ಸಂತಿ ಮುಗದ ಮ್ಯಾಲೆ ಕಸಾ ಬಳೀತಾರ," ಎಂದು ಹೇಳುತ್ತಿದ್ದರು. ತಾವು ನೋಡಿದ್ದರೆಂದಲ್ಲ. ಹಾಗಿರಬೇಕು ಎಂಬ ನಂಬಿಕೆ.

ನಮ್ಮ ಯೋಜನೆ ಕೇಳಿ ಸರಟೋಗಾದಲ್ಲಿರುವ ಸ್ನೇಹಿತ ದಂಪತಿ ಕನಿಕರಪಟ್ಟರು. ಅವರು ಹಿಂದಿನ ವರ್ಷ ಇಂಗ್ಲೆಂಡಿಗೆ ಹೋಗಿ ಬಂದು ಅಷ್ಟೂ ಫೋಟೋಗಳನ್ನು ನಮ್ಮನ್ನು ಸೋಫಾದಲ್ಲಿ ಕೂರಿಸಿ ತೋರಿಸಿದವರು. "ಅರಮನೆ ನೋಡ್ದೆ, ಆ ದೊಡ್ಡ ಚಕ್ರ ಹತ್ತದೆ ವಾಪಸ್ ಬರ್ತೀರಾ? ಹಳ್ಳೀಲಿ ಏನಿದೆ ಆಂಟಿ?" ಎಂದು ಆಕೆ ಕೇಳಿದಳು. ಅತ್ತೆ ನಕ್ಕು, "ಹಳ್ಳಿ ಅಲ್ಲವಾ, ಟೌನ್. ಎರಡಕ್ಕೂ ಫರಕ್ ಅದ," ಎಂದು ತಿದ್ದಿದರು.

ತಿದ್ದುವುದು ಅವರ ಸ್ವಭಾವ. ನಾನು ಮೈಸೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮದುವೆಯಾಗಿ ಬಂದ ವಾರದಲ್ಲೇ, ನಾನು ಫೋನಿನಲ್ಲಿ ಯಾರಿಗೋ 'ಡಿಸ್ಕಸ್ ಅಬೌಟ್' ಎಂದದ್ದನ್ನು ಕೇಳಿಸಿಕೊಂಡು, ಫೋನಿಡುವವರೆಗೂ ಕಾದು, "ಡಿಸ್ಕಸ್ ಅಂದ ಮ್ಯಾಲೆ ಅಬೌಟ್ ಬರಂಗಿಲ್ಲ ನೋಡವಾ," ಎಂದಿದ್ದರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ನನ್ನ ಅಡುಗೆಯ ಬಗ್ಗೆ ಒಂದು ಮಾತೂ ಆಡಿಲ್ಲ, ನನ್ನ ಸೀರೆಯ ಬಗ್ಗೆ ಆಡಿಲ್ಲ, ಮಗಳನ್ನು ಬೆಳೆಸಿದ ರೀತಿಯ ಬಗ್ಗೆಯೂ ಆಡಿಲ್ಲ. ಆದರೆ ನನ್ನ ಪ್ರೆಪೊಸಿಷನ್ನುಗಳ ಮೇಲೆ ಅವರ ಕಣ್ಣು ಸದಾ ಇತ್ತು. ಹಾಗಾಗಿ ಎರಡು ವಾರ ಒಂದೇ ಕಾರಿನಲ್ಲಿ, ಅದೂ ಇಂಗ್ಲೆಂಡಿನಲ್ಲಿ, ಅವರ ಜೊತೆ ಇರಬೇಕೆಂದಾಗ ನನಗೆ ಪರೀಕ್ಷೆಗೆ ಹೊರಟಂತೆಯೇ ಅನಿಸಿತು. ಕಾಲೇಜಿನಲ್ಲಿರುವ ಮಗಳನ್ನು ಬಾ ಎಂದು ಕರೆದೆವು. "ಐ ಹ್ಯಾವ್ ಇಂಟರ್ನ್‌ಶಿಪ್, ಅಮ್ಮ. ಬಟ್ ಟೇಕ್ ಪಿಕ್ಚರ್ಸ್ ಆಫ್ ಅಜ್ಜಿ," ಎಂದು ತಪ್ಪಿಸಿಕೊಂಡಳು. ಅಜ್ಜಿ ಪಕ್ಕದಿಂದಲೇ, "ಆ್ಯನ್ ಇಂಟರ್ನ್‌ಶಿಪ್," ಎಂದರು.

ಜುಲೈ ತಿಂಗಳಲ್ಲಿ ಹೊರಟೆವು. ವಿಮಾನ ಇಳಿದು ಕಾರು ಬಾಡಿಗೆಗೆ ತೆಗೆದುಕೊಂಡು ನೇರ ಪಶ್ಚಿಮಕ್ಕೆ ಹೊರಟಾಗ ಮೊದಲ ಪರೀಕ್ಷೆ ನನ್ನ ಗಂಡನದಾಯಿತು. ಅಲ್ಲಿ ಎಡಗಡೆ ಓಡಿಸಬೇಕು. ಧಾರವಾಡದಲ್ಲಿ ಸ್ಕೂಟರು ಕಲಿತವನಿಗೆ ಅದೇನು ಹೊಸದಲ್ಲ ಎಂದು ಜಂಬ ಕೊಚ್ಚಿದ್ದ. ಆದರೆ ಫ್ರೀವೇಯಲ್ಲಿ ಇಷ್ಟು ವರ್ಷ ಓಡಿಸಿದ ಕೈಗಳು ತಿರುವಿನಲ್ಲೆಲ್ಲ ಬಲಕ್ಕೇ ಎಳೆಯುತ್ತಿದ್ದವು. ಎರಡೂ ಕಡೆ ಆಳೆತ್ತರದ ಬೇಲಿಗಿಡಗಳಿರುವ, ಒಂದೇ ಕಾರು ಹಿಡಿಸುವ ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರು ಬಂದಾಗ ಅವನು ಹಿಂದಕ್ಕೆ ಹೋದ ದೂರವನ್ನು ಸೇರಿಸಿದರೆ ಇನ್ನೊಂದು ಊರೇ ಸಿಗುತ್ತಿತ್ತೇನೋ. ಹಿಂದಿನ ಸೀಟಿನಲ್ಲಿ ಅತ್ತೆ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. "ಹೆಜ್‌ರೋ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಇದಕ್ಕ ಹೆಜ್‌ರೋ ಅಂತಾರ."

ಮೊದಲ ಊರು ಲಡ್ಲೋ. ದಿಬ್ಬದ ಮೇಲೆ ಪಾಳುಬಿದ್ದ ಕೋಟೆ, ಕೋಟೆಯ ಬಾಗಿಲಿಗೇ ಹೊಂದಿಕೊಂಡು ಸಂತೆಯ ಚೌಕ. ಬಿಳಿಯ ಗೋಡೆಗೆ ಕಪ್ಪು ಮರದ ಪಟ್ಟಿ ಹೊಡೆದ ಹಳೆಯ ಮನೆಗಳು ವಯಸ್ಸಾದವರ ಹಾಗೆ ಒಂದರ ಭುಜಕ್ಕೊಂದು ವಾಲಿಕೊಂಡು ನಿಂತಿದ್ದವು. ಅತ್ತೆ ಚೌಕದ ನಡುವೆ ನಿಂತು ಒಂದು ಸುತ್ತು ತಿರುಗಿ ನೋಡಿದರು. ಬೀದಿಯುದ್ದಕ್ಕೂ ಹೇರ್‌ಕಟಿಂಗ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ, ಹಳೆ ಬಟ್ಟೆ ಮಾರುವ ಅಂಗಡಿ ಇದ್ದದ್ದು ನನ್ನ ಕಣ್ಣಿಗೆ ಬಿತ್ತು, ಅವರ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ. ಪಾಠದಲ್ಲಿ ಇಲ್ಲದ್ದನ್ನು ಅವರು ನೋಡುತ್ತಲೇ ಇರಲಿಲ್ಲ.

ತೊಂದರೆ ಶುರುವಾದದ್ದು ನಾವು ಉಳಿದುಕೊಂಡ ಮನೆಯಲ್ಲಿ. ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುವ ಮನೆ ಅದು. ಯಜಮಾನಿ ಒಳ್ಳೆಯ ಹೆಂಗಸು, ಆದರೆ ಮಾತು ಮಾತ್ರ ಮೂಟೆಯ ಬಾಯಿ ಬಿಚ್ಚಿದಾಗ ಜೋಳ ಸುರಿದಂತೆ. ಬೆಳಗಿನ ತಿಂಡಿಗೆ ಕೂತಾಗ ಆಕೆ ಅತ್ತೆಯ ಕಡೆ ಬಾಗಿ, ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿದಳು.

ಅತ್ತೆ ಮುಗುಳ್ನಕ್ಕು, "ಯೆಸ್, ಥ್ಯಾಂಕ್ ಯೂ," ಎಂದರು.

ಆಕೆ ಮತ್ತೆ ಕೇಳಿದಳು. ಅತ್ತೆ ಇನ್ನೂ ದೊಡ್ಡದಾಗಿ ನಕ್ಕು, "ವೆರಿ ಕೈಂಡ್ ಆಫ್ ಯೂ," ಎಂದರು. ಆಕೆ ಎರಡನ್ನೂ ತಂದಿಟ್ಟಳು.

ಮಧ್ಯಾಹ್ನ ಕೋಟೆಯ ಟಿಕೆಟ್ ಕೊಡುವಲ್ಲಿ ಇದೇ ಆಯಿತು. ಚರ್ಚಿನಲ್ಲಿ, ಮಡಚುವ ಹಳೆಯ ಮರದ ಆಸನಗಳ ಕೆಳಗೆ ಕೆತ್ತಿದ ಚಿತ್ರಗಳನ್ನು ತೋರಿಸಿದ ಮುದುಕರು ಏನೋ ತಮಾಷೆ ಹೇಳಿ ತಾವೇ ನಕ್ಕರು. ಅತ್ತೆ ನಗಬೇಕಾದ ಹೊತ್ತಿಗೆ ಗಂಭೀರವಾಗಿ ತಲೆಯಾಡಿಸಿ, ಮುದುಕರು ಯಾವುದೋ ಸಾವಿನ ಸಂಗತಿ ಹೇಳುವಾಗ ನಕ್ಕುಬಿಟ್ಟರು. ಸಂಜೆಯ ಹೊತ್ತಿಗೆ ನನ್ನ ಗಂಡನ ಮುಖ ಬಾಡಿತ್ತು.

"ಅವ್ವಗ ಕಿವಿ ಕೇಳ್ತಿಲ್ಲ ಕಣೇ," ಎಂದ ನನ್ನ ಹತ್ತಿರ. "ನಾವು ನೋಟಿಸೇ ಮಾಡಿಲ್ಲ. ಮನೇಲಿ ಟಿವಿ ಸೌಂಡ್ ಜಾಸ್ತಿ ಇಟ್ಕೊಳ್ತಾಳಲ್ಲ, ಅದಕ್ಕೇ ಇರಬೇಕು."

ಅವನು ಅಲ್ಲೇ ಕೂತು ಹೇವರ್ಡ್‌ನ ಒಬ್ಬ ಕಿವಿ ಡಾಕ್ಟರಿಗೆ ಮೆಸೇಜು ಹಾಕಿ ಅಪಾಯಿಂಟ್‌ಮೆಂಟು ತೆಗೆದುಕೊಂಡ. ಮರುದಿನದಿಂದ ತಾಯಿಯ ಜೊತೆ ಕೂಗಿ ಮಾತಾಡತೊಡಗಿದ. "ಅವ್ವಾ, ಶೂ ಹಾಕ್ಕೋ," ಎಂದು ಅವನು ಅಂದದ್ದು ಆ ಬೀದಿಯಲ್ಲಿದ್ದ ಎಲ್ಲರಿಗೂ ಕೇಳಿಸಿರಬೇಕು. ಅತ್ತೆ ಶೂ ಹಾಕಿಕೊಂಡರು.

ನನಗೆ ಅನುಮಾನ ಬಂದದ್ದು ಮೂರನೆಯ ದಿನ, ಲೆಡ್ಬರಿಗೆ ಹೋಗುವ ದಾರಿಯಲ್ಲಿ. ಕಾರಿನಲ್ಲಿ ರೇಡಿಯೋ ಹಾಡುತ್ತಿತ್ತು. ನಾನು ಗಂಡನಿಗೆ ಮೆಲ್ಲಗೆ, ಕೇಳಿಯೂ ಕೇಳಿಸದ ಹಾಗೆ, "ಚಕ್ಕುಲಿ ಡಬ್ಬ ಎಲ್ಲಿಟ್ರಿ?" ಎಂದೆ. ಹಿಂದಿನ ಸೀಟಿನಿಂದ ಅತ್ತೆ, "ನನ್ನ ಕಾಲಾಗ ಅದ ನೋಡವಾ," ಎಂದು ಡಬ್ಬವನ್ನು ಮುಂದೆ ಚಾಚಿದರು. ನನ್ನ ಗಂಡ ಎದುರಿಗೆ ಬರುತ್ತಿದ್ದ ಲಾರಿಯ ಚಿಂತೆಯಲ್ಲಿದ್ದ, ಅವನಿಗೆ ಇದು ಹೊಳೆಯಲಿಲ್ಲ. ನಾನು ಚಕ್ಕುಲಿ ಬಾಯಿಗೆ ಹಾಕಿಕೊಂಡೆ.

ಲೆಡ್ಬರಿಯ ನಡುಬೀದಿಯಲ್ಲಿ, ಪಾಠದಲ್ಲಿದ್ದ ಹಾಗೆಯೇ, ದಪ್ಪ ಮರದ ಕಂಬಗಳ ಮೇಲೆ ನಿಂತ ಕಟ್ಟಡವಿದೆ. ಮೇಲೆ ಸಭೆಯ ಕೋಣೆ, ಕೆಳಗೆ ಖಾಲಿ ನೆರಳು. ಹಿಂದಿನ ಕಾಲದಲ್ಲಿ ವ್ಯಾಪಾರಿಗಳು ಅಲ್ಲಿ ಮಳೆಗೆ ಮೈಯೊಡ್ಡದೆ ಕೂರುತ್ತಿದ್ದರಂತೆ. ಅತ್ತೆ ಒಂದೊಂದು ಕಂಬವನ್ನೂ ಮುಟ್ಟಿ ನೋಡಿದರು. ಅಲ್ಲಿದ್ದ ಒಬ್ಬ ಊರಿನವರು ನಮ್ಮನ್ನು ಕಂಡು, ಕಟ್ಟಡದ ಕತೆಯನ್ನು ತಾವಾಗಿಯೇ ಹೇಳಲು ನಿಂತರು. ಬಹಳ ಹೊತ್ತು ಹೇಳಿದರು. ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು, ಕೈಮುಗಿದರು. ಅವರು ಅತ್ತ ಹೋದ ಮೇಲೆ, ನನ್ನ ಗಂಡ ಕಾರಿಗೆ ಪಾರ್ಕಿಂಗ್ ಚೀಟಿ ಅಂಟಿಸಲು ಹೋಗಿದ್ದಾಗ, ಅತ್ತೆ ನನ್ನ ತೋಳು ಹಿಡಿದು ಪಕ್ಕದ ಕಲ್ಲುಹಾಸಿನ ಓಣಿಗೆ ಕರೆದೊಯ್ದರು. ಅಲ್ಲೊಂದು ಬೆಂಚಿತ್ತು.

"ಅವರು ಏನ ಹೇಳಿದರು?" ಎಂದರು.

ನಾನು ತಿಳಿದಷ್ಟು ಹೇಳಿದೆ. ಕಂಬಗಳು ಓಕ್ ಮರದವು, ಕೆಳಗೆ ಸಂತೆ ನಡೆಯುತ್ತಿತ್ತು, ಮೇಲಿನ ಕೋಣೆಯಲ್ಲಿ ಕಾಳು ದಾಸ್ತಾನು ಮಾಡುತ್ತಿದ್ದರು, ಅವರ ಅಜ್ಜ ಚಿಕ್ಕವರಿದ್ದಾಗ ಈ ಕಂಬದ ಹಿಂದೆ ಅಡಗಿ ಆಡುತ್ತಿದ್ದರಂತೆ.

"ಇಷ್ಟೆಲ್ಲಾ ಹೇಳಿದರ?"

"ಹೂಂ ಅತ್ತೆ. ನಿಮಗೆ ಕೇಳಿಸ್ಲಿಲ್ವಾ?"

ಅವರು ತಮ್ಮ ಶಾಲಿನ ಅಂಚನ್ನು ಸರಿ ಮಾಡಿಕೊಂಡರು. "ಕೇಳಸ್ತದ. ಚಂದಾಗೇ ಕೇಳಸ್ತದ. ತಿಳಿಯವಲ್ಲದು. ಒಂದು ಅಕ್ಷರ ತಿಳಿಯವಲ್ಲದು ನೋಡವಾ ನನಗ. ಅವರು ಬಾಯಾಗ ಬಿಸಿ ಅವಲಕ್ಕಿ ಇಟ್ಕೊಂಡು ಮಾತಾಡಿದಂಗ ಆಗ್ತದ. ಮೂವತ್ತೊಂದು ವರ್ಷ ಕಲಿಸೀನಿ. ನನ್ನ ಜೋಡಿ ಯಾರೂ ಇಂಗ್ಲಿಷ್ ಮಾತಾಡಿಲ್ಲಲ್ಲ. ಹುಡಿಗ್ಯಾರು ಮಾತಾಡಿದರ ನಾನು ಕಲಿಸಿದ್ದನ್ನ ನನಗ ಒಪ್ಪಿಸ್ತಿದ್ದರು."

"ಹೇವರ್ಡಲ್ಲಿ?"

"ಅಲ್ಲಿ ನೀವ ಮಾತಾಡ್ತೀರಿ. ನಾನು ನಕ್ಕು ಸುಮ್ನಾಗ್ತೀನಿ."

ಮೂರು ವರ್ಷ ನಾನು ಅದನ್ನು ಗಮನಿಸಿರಲಿಲ್ಲ. ಅವರು ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಾರ್ಕಿನಲ್ಲಿ ಮುಗುಳ್ನಕ್ಕು ಸುಮ್ಮನಿರುವುದನ್ನು ನಾನು ದೊಡ್ಡಸ್ತಿಕೆ ಎಂದೇ ತಿಳಿದಿದ್ದೆ. ಅವರೆದುರು ಇಂಗ್ಲಿಷಿನಲ್ಲಿ ಬಾಯಿ ಬಿಡಲು ನಾನು ಹೆದರುತ್ತಿದ್ದೆ, ಅವರು ಬೇರೆಯವರೆದುರು ಹೆದರುತ್ತಿದ್ದರು.

"ಅವಗ ಹೇಳಬ್ಯಾಡ," ಎಂದರು ಅತ್ತೆ. "ಕಿವಿ ಕೇಳಂಗಿಲ್ಲ ಅಂತ ತಿಳಕೊಂಡಾನ. ಅದ ಚಲೋ."

"ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದ್ದಾರೆ ಅತ್ತೆ."

"ತಗೋಲಿ. ಹೋಗಿ ಬರ್ತೀನಿ."

ಅಂದಿನಿಂದ ನಾನು ಅವರ ದುಭಾಷಿಯಾದೆ. ಹೇವರ್ಡ್‌ನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಅಲ್ಲಿ ಬರುವವರು ಫಿಲಿಪೀನ್ಸಿನವರು, ಮೆಕ್ಸಿಕೋದವರು, ಪಂಜಾಬಿನವರು, ಆಫ್ಘಾನಿಸ್ತಾನದವರು. ಎಲ್ಲರೂ ಆಡುವುದು ಇಂಗ್ಲಿಷೇ, ಒಬ್ಬರದರ ಹಾಗೆ ಇನ್ನೊಬ್ಬರದಿಲ್ಲ. ಸೂಜಿ ಚುಚ್ಚುವ ಮೊದಲು ಅವರು ಊಟ ಮಾಡಿದ್ದಾರೋ, ರಕ್ತ ಕಂಡರೆ ತಲೆ ತಿರುಗುತ್ತದೋ ಎಂದು ತಿಳಿಯಲೇಬೇಕು. ನಾನು ಎಲ್ಲ ಪದಗಳಿಗೂ ಕಿವಿಗೊಡುವುದಿಲ್ಲ, ಮುಖ ನೋಡುತ್ತೇನೆ, ಒಂದೆರಡು ಮಾತು ಸಿಕ್ಕರೆ ಉಳಿದದ್ದು ಸಿಗುತ್ತದೆ. ಇಂಗ್ಲೆಂಡಿನವರ ಇಂಗ್ಲಿಷೂ ಹಾಗೇ ಸಿಕ್ಕಿತು. ಅತ್ತೆಯ ಕಿವಿಯ ಬಳಿ ಬಾಗಿ ಕನ್ನಡದಲ್ಲಿ ಹೇಳುವಾಗ ನನಗೆ ಒಳಗೊಳಗೇ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೆರಡು ಕಡೆ ನನಗೂ ತಿಳಿಯದಿದ್ದಾಗ ಸ್ವಂತ ಇತಿಹಾಸ ಸೇರಿಸಿದೆ. ಒಂದು ಹಳೆಯ ಬಾವಿಗೆ ನಾನು ಕೊಟ್ಟ ಕತೆಯನ್ನು ಅತ್ತೆ ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಅದನ್ನು ನಾನು ಇನ್ನೂ ಒಪ್ಪಿಕೊಂಡಿಲ್ಲ. ನನ್ನ ಗಂಡ ಮಾತ್ರ, ಸೊಸೆ ಅತ್ತೆಯ ಕಿವಿಗೆ ಬಾಯಿಟ್ಟು ಹೇಳುವುದನ್ನು ನೋಡಿ, ಎಷ್ಟು ಕಾಳಜಿ ಎಂದು ಕರಗಿಹೋದ.

ಗುರುವಾರ ನಾವು ಹೋದ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನ ತರಕಾರಿಯವನು ಒಳ್ಳೆಯವನು, ಅವನ ಕಾಗುಣಿತದ ಗುಟ್ಟು ರಟ್ಟಾಗುವುದು ಬೇಡ. ವೇಲ್ಸಿನ ಗಡಿಯ ಹತ್ತಿರದ ಚಿಕ್ಕ ಊರು ಅದು. ವಾರಕ್ಕೊಮ್ಮೆ ಗಡಿಯಾರದ ಗೋಪುರದ ಕೆಳಗೆ ಸಂತೆ. ಪಟ್ಟೆ ಪಟ್ಟೆ ಬಟ್ಟೆಯ ಮಾಡು ಕಟ್ಟಿದ ಹತ್ತೋ ಹನ್ನೆರಡೋ ಅಂಗಡಿಗಳು. ಚೀಸು, ಮೊಟ್ಟೆ, ಹೂವಿನ ಸಸಿ, ಹಳೆಯ ಚಮಚಗಳು. ಅತ್ತೆಗೆ ಇದೇ ಬೇಕಾಗಿದ್ದದ್ದು. ಗಂಡ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ನಾವಿಬ್ಬರು ಮೊದಲ ಸಾಲಿಗೆ ಬಂದೆವು. ತರಕಾರಿ ಅಂಗಡಿಯ ಮುಂದೆ ಅತ್ತೆ ಗಕ್ಕನೆ ನಿಂತರು.

ಅಲ್ಲಿ ಒಂದೊಂದು ಬುಟ್ಟಿಯ ಮೇಲೂ ಕೈಯಗಲದ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದ ಬರಹ. ಇಂಗ್ಲಿಷಿನಲ್ಲಿ ಒಡೆತನ ಹೇಳಲು ಎಸ್ ಅಕ್ಷರದ ಹಿಂದೆ ತಲೆಯೆತ್ತರಕ್ಕೆ ಒಂದು ಸಣ್ಣ ಕೊಂಡಿ ಹಾಕುತ್ತಾರಲ್ಲ, ಅಪಾಸ್ಟ್ರಫಿ, ಅದನ್ನು ಆ ಮನುಷ್ಯ ಬಹುವಚನಕ್ಕೆಲ್ಲ ಹಾಕಿಬಿಟ್ಟಿದ್ದ. ಟೊಮೇಟೊಗಳು ಎನ್ನುವ ಬದಲು ಟೊಮೇಟೊದ ಎಂದಾಗಿತ್ತು. ಆಲೂಗಡ್ಡೆಯ. ಎಲೆಕೋಸಿನ.

"ಇಲ್ಲಿ ನೋಡು," ಎಂದರು ಅತ್ತೆ. "ಇಂಗ್ಲೆಂಡಿನಾಗ."

"ಹೋಗ್ಲಿ ಬಿಡಿ ಅತ್ತೆ."

ಅವರು ಬಿಡಲಿಲ್ಲ. ನೆಟ್ಟಗೆ ಅಂಗಡಿಯವನ ಮುಂದೆ ಹೋಗಿ ನಿಂತರು. ಆತ ಎತ್ತರದ, ಕೆಂಪು ಮುಖದ ಐವತ್ತರ ಆಸುಪಾಸಿನ ಮನುಷ್ಯ. ಅತ್ತೆ ಹಲಗೆಯ ಕಡೆ ಬೆರಳು ತೋರಿಸಿ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ, ಇಂಗ್ಲಿಷಿನಲ್ಲಿ ಕೇಳಿದರು: "ಟೊಮೇಟೊದ ಏನು?"

ಆತ ಟೊಮೇಟೊ ಎತ್ತಿ ತೋರಿಸಿದ.

"ಅದು ಟೊಮೇಟೊ. ನೀವು ಬರೆದದ್ದು ಟೊಮೇಟೊದ ಎಂದು. ಟೊಮೇಟೊದ ಏನು?"

ಆತ ಏನೋ ಹೇಳಿದ. ಅತ್ತೆ ನನ್ನ ಕಡೆ ತಿರುಗಿದರು. ನಾನು ಹೇಳಿದೆ: "ಅವರಪ್ಪನ ಕಾಲದಿಂದ ಹಾಗೇ ಬರೀತಾ ಇದ್ದಾರಂತೆ ಅತ್ತೆ. ಯಾರೂ ಏನೂ ಅಂದಿಲ್ವಂತೆ."

ಅತ್ತೆ ಮತ್ತೆ ಆತನ ಕಡೆ ತಿರುಗಿದರು. ಈಗ ಅವರು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ದಯವಿಟ್ಟು ನಿಧಾನವಾಗಿ ಮಾತಾಡಿ. ನಾನು ನಿಮ್ಮ ಭಾಷೆಯನ್ನು ಮೂವತ್ತೊಂದು ವರ್ಷ ಕಲಿಸಿದ್ದೇನೆ. ಆದರೆ ಅದನ್ನು ಯಾರೂ ನನ್ನೊಂದಿಗೆ ಮಾತಾಡಿಲ್ಲ."

ಆತ, ಎಲ್ಲಿ ಕಲಿಸಿದಿರಿ ಎಂದು ಕೇಳಿದ, ಈ ಸಲ ಒಂದೊಂದೇ ಪದವಾಗಿ. ಅತ್ತೆಗೆ ನನ್ನ ಸಹಾಯ ಬೇಕಾಗಲಿಲ್ಲ. ಧಾರವಾಡ ಎಂದರು, ಎಂಟರಿಂದ ಹತ್ತನೆಯ ತರಗತಿ ಎಂದರು. ಆತ ಏಪ್ರನ್ನಿನ ಜೇಬಿಗೆ ಕೈಹಾಕಿ ಸೀಮೆಸುಣ್ಣದ ತುಂಡು ತೆಗೆದು ಅವರ ಮುಂದೆ ಹಿಡಿದ. ಹಾಗಾದರೆ ತಿದ್ದಿ ಟೀಚರ್, ಶಾಲೆಯಲ್ಲಿ ನಾನು ಸ್ಪೆಲಿಂಗಿನಲ್ಲಿ ಯಾವಾಗಲೂ ಕೊನೆಯವನು ಎಂದ.

ಅತ್ತೆ ಸೀಮೆಸುಣ್ಣವನ್ನು ತೆಗೆದುಕೊಂಡು ಒಂದು ಸಲ ಬೆರಳುಗಳ ನಡುವೆ ಉರುಳಿಸಿದರು. ನಿವೃತ್ತಿಯಾದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ತಮ್ಮ ಕರವಸ್ತ್ರದಿಂದ ಹಲಗೆಯನ್ನು ಪೂರ್ತಿ ಒರೆಸಿದರು. ಬರೀ ಕೊಂಡಿ ಅಳಿಸಿದರೆ ಸಾಲದು, ಅಕ್ಷರವೂ ದುಂಡಗಿರಬೇಕು. ಟೊಮೇಟೊ, ಆಲೂಗಡ್ಡೆ, ಎಲೆಕೋಸು, ಎಲ್ಲವನ್ನೂ ಕಾಪಿ ಪುಸ್ತಕದ ಕೂಡಕ್ಷರದಲ್ಲಿ ಬರೆದರು. ಆತ ಕೈಕಟ್ಟಿ ನಿಂತು ನೋಡಿದ.

ಕೊನೆಯ ಬುಟ್ಟಿಗೆ ಬಂದಾಗ ಅವರ ಕೈ ನಿಂತಿತು. ಹಲಗೆಯ ಮೇಲೆ ಗೂಸ್‌ಬೆರಿ ಎಂದಿತ್ತು, ಕೊಂಡಿಯ ಸಮೇತ. ಬುಟ್ಟಿಯಲ್ಲಿ ಇದ್ದದ್ದು ಹಸಿರು ದ್ರಾಕ್ಷಿಯಂಥ, ಮೈಮೇಲೆ ನವಿರಾದ ಕೂದಲಿದ್ದ ಹಣ್ಣು.

"ಇದು ಗೂಸ್‌ಬೆರಿ?" ಎಂದು ಅತ್ತೆ ಆತನನ್ನು ಕೇಳಿದರು. ಹೌದು ಎಂದ. ತಿನ್ನಿ ಎಂದು ಒಂದನ್ನು ಕೈಗಿತ್ತ. ಅತ್ತೆ ಕಚ್ಚಿ, ಹುಳಿಗೆ ಮುಖ ಕಿವುಚಿ, ನನ್ನ ಕಡೆ ತಿರುಗಿದರು. "ನಾನು ನೆಲ್ಲಿಕಾಯಿ ಅಂತ ಹೇಳಿಕೊಟ್ಟೀನಿ," ಎಂದರು. "ಮೂವತ್ತೊಂದು ಬ್ಯಾಚಿಗೆ. ಮೇಜಿನ ಮ್ಯಾಲೆ ನೆಲ್ಲಿಕಾಯಿ ಇಟ್ಟು ತೋರಿಸೀನಿ."

ನನಗೆ ನಗು ತಡೆಯಲಾಗಲಿಲ್ಲ. "ಕಾಗದ ಬರೆದು ತಿಳಿಸೋಣ ಬಿಡಿ ಅತ್ತೆ."

"ಸುಮ್ನಿರು," ಎಂದರು, ಆದರೆ ಅವರೂ ನಗುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಚೀಸಿನ ಹೆಂಗಸು ತನ್ನ ಹಲಗೆಯನ್ನು ಎತ್ತಿಕೊಂಡು ಬಂದಿದ್ದಳು. ತನ್ನದರಲ್ಲಿ ತಪ್ಪಿದೆಯೋ ಇಲ್ಲವೋ ಗೊತ್ತಿಲ್ಲ, ಅಕ್ಷರ ಮಾತ್ರ ಹೀಗೇ ಬೇಕು ಎಂದಳು. ಹೂವಿನ ಸಸಿಯವನು ಎರಡು ಹಲಗೆ ತಂದ. ಅತ್ತೆಗೆ ತರಕಾರಿಯವನು ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಕೂರಲು ಕೊಟ್ಟ. ಮೊಟ್ಟೆಯ ಮುದುಕ ಮಾತ್ರ ಬರಲಿಲ್ಲ. ಅತ್ತೆಯೇ ಎದ್ದು ಅವನ ಬಳಿ ಹೋಗಿ, ಮೊಟ್ಟೆಯ ಹಲಗೆಯಲ್ಲೂ ಕೊಂಡಿಯಿದೆ ಎಂದು ಹೇಳಿದರು. ಆತ, ಮೊಟ್ಟೆ ನನ್ನದು, ಕೊಂಡಿಯೂ ನನ್ನದು, ಎರಡೂ ಇರಲಿ ಎಂದ. ಅತ್ತೆ ವಾಪಸು ಬಂದು ಪೆಟ್ಟಿಗೆಯ ಮೇಲೆ ಕೂತು, "ಹಿಂದಿನ ಬೆಂಚಿನವ," ಎಂದರು.

ನನ್ನ ಗಂಡ ಊರಾಚೆ ಎಲ್ಲೋ ಕಾರು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಬಂದಾಗ ಅವನಿಗೆ ಕಂಡದ್ದು ಇದು: ತರಕಾರಿ ಅಂಗಡಿಯ ಒಳಗೆ, ಪೆಟ್ಟಿಗೆಯ ಮೇಲೆ, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಕೂತ ತಾಯಿ. ಸುತ್ತ ನಾಲ್ಕೈದು ಮಂದಿ. ಒಬ್ಬಾಕೆ, ಬೀನ್ಸ್ ಇವತ್ತಿನದೇ ಎಂದು ಕೇಳುತ್ತಾಳೆ. ತಾಯಿ ಬರೆಯುತ್ತಲೇ, ತಲೆ ಎತ್ತದೆ, "ಇವತ್ತು ಬೆಳಿಗ್ಗೆಯದು ಎಂದು ಇವರು ಹೇಳಿದರು," ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ಅವನು ಹತ್ತಿರ ಬಂದು, ಅಭ್ಯಾಸಬಲದಿಂದ ಕೂಗಿದ: "ಅವ್ವಾ, ಇಲ್ಲೇನ ಮಾಡಾಕತ್ತೀ?"

"ಒದರಬ್ಯಾಡ," ಎಂದರು ಅತ್ತೆ. "ನನಗ ಕೇಳಸ್ತದ."

"ಕೇಳಸ್ತದ?"

"ಕಿವಿ ಎಂದಾದರೂ ಕೆಟ್ಟಿತ್ತೇನು? ಇವರ ಮಾತು ತಿಳೀತಿದ್ದಿಲ್ಲ. ನಿನ್ನ ಹೇಣ್ತಿ ತಿಳಿಸಿ ಹೇಳತಿದ್ದಳು. ಈಗ ಇವರು ಸಾವಕಾಶ ಹೇಳಾಕತ್ತಾರ, ತಿಳೀತದ."

ಅವನು ನನ್ನ ಮುಖ ನೋಡಿದ. ನಾನು ಎಲೆಕೋಸು ನೋಡಿದೆ.

"ನೀನು ಹೇಳ್ಬಹುದಿತ್ತಲ್ಲ," ಎಂದ ಆಮೇಲೆ, ಕಾರಿನತ್ತ ನಡೆಯುವಾಗ. ಅವನಿಗೆ ಸ್ವಲ್ಪ ಬೇಜಾರಾಗಿತ್ತು. ತಾಯಿಗೆ ಕಿವಿ ಹೋಯಿತೆಂದು ಅವನು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಅತ್ತೆ ಬೇಡ ಅಂದ್ರು," ಎಂದೆ.

"ಹಂಗಾದ್ರೆ ನೀವಿಬ್ರೂ ಒಂದು ಪಾರ್ಟಿ."

ಅದು ನನಗೂ ಆಗಲೇ ಹೊಳೆದದ್ದು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಅತ್ತೆ ಮತ್ತು ನಾನು ಒಂದು ಗುಟ್ಟನ್ನು ಜೊತೆಯಾಗಿ ಇಟ್ಟುಕೊಂಡಿದ್ದೆವು. ಅವನು ಡಾಕ್ಟರಿಗೆ ಮೆಸೇಜು ಹಾಕಿ ಅಪಾಯಿಂಟ್‌ಮೆಂಟು ರದ್ದು ಮಾಡಿದ. ಅತ್ತೆಗೆ ತರಕಾರಿಯವನು ಒಂದು ಚೀಲದ ತುಂಬ ಗೂಸ್‌ಬೆರಿ ಕೊಟ್ಟು ಕಳಿಸಿದ್ದ. ಸಕ್ಕರೆ ಹಾಕಿ ಬೇಯಿಸಬೇಕಂತೆ. ನಾವು ಉಳಿದುಕೊಂಡ ಮನೆಯಲ್ಲಿ ಅತ್ತೆ ಅದಕ್ಕೆ ಉಪ್ಪು, ಖಾರದ ಪುಡಿ, ಇಂಗಿನ ಒಗ್ಗರಣೆ ಹಾಕಿ ಉಪ್ಪಿನಕಾಯಿ ಮಾಡಿದರು. ಮನೆಯ ಯಜಮಾನಿ ಒಂದು ಚೂರು ನಾಲಿಗೆಗೆ ಹಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಬಹಳ ಚೆನ್ನಾಗಿದೆ ಎಂದಳು.

ಆ ಮೇಲಿನ ದಿನಗಳಲ್ಲಿ ನನ್ನ ಕೆಲಸ ಹೋಯಿತು. ಅತ್ತೆ ಯಾರನ್ನು ಕಂಡರೂ ಮೊದಲು, ನಿಧಾನವಾಗಿ ಮಾತಾಡಿ ಎಂದು ಹೇಳಿಯೇ ಮಾತು ಶುರುಮಾಡುತ್ತಿದ್ದರು. ಜನರೂ ಪಾಪ, ತರಗತಿಯಲ್ಲಿ ಎದ್ದು ನಿಂತವರ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಬಸ್ ನಿಲ್ದಾಣದಲ್ಲಿ, ಪುಸ್ತಕದಂಗಡಿಯಲ್ಲಿ, ಒಂದು ಹಳೆಯ ಸೆರೆಮನೆಯ ಮ್ಯೂಸಿಯಮ್ಮಿನಲ್ಲಿ. ಸೆರೆಮನೆಯ ಕಾವಲುಗಾರನ ವೇಷ ಹಾಕಿದ್ದ ಯುವಕ ಕೈದಿಗಳನ್ನು ಹೇಗೆ ಹೊಡೆಯುತ್ತಿದ್ದರು ಎಂದು ಎಷ್ಟು ನಿಧಾನವಾಗಿ ವಿವರಿಸಿದನೆಂದರೆ, ಹಿಂದೆ ನಿಂತಿದ್ದ ಪುಟ್ಟ ಮಗುವೊಂದು ಹೆದರಿ ಅಳತೊಡಗಿತು.

ಕೊನೆಯ ಊರು ಟ್ಯೂಕ್ಸ್‌ಬರಿ. ಅಲ್ಲಿ ನದಿಯ ಬದಿಗೆ ಒಂದು ಹಳೆಯ ಹಿಟ್ಟಿನ ಗಿರಣಿ ನೋಡಬೇಕೆಂದು ನನ್ನ ಗಂಡ ಮೊದಲ ದಿನದಿಂದ ಹೇಳುತ್ತಿದ್ದ. ಮೊದಲು ದೊಡ್ಡ ಚರ್ಚಿಗೆ ಹೋದೆವು. ಚರ್ಚಿನ ಹುಲ್ಲುಹಾಸಿನ ಅಂಚಿನ ಬೆಂಚಿನಲ್ಲಿ ಅತ್ತೆಯ ವಯಸ್ಸಿನವರೇ ಆದ ಒಬ್ಬ ಹೆಂಗಸು ಕೂತಿದ್ದರು, ಕಾಲ ಬಳಿ ಊರುಗೋಲು, ಪಕ್ಕದಲ್ಲಿ ತರಕಾರಿ ಚೀಲ. ಅತ್ತೆ ಐದು ನಿಮಿಷ ಕಾಲು ಚಾಚಿ ಬರುತ್ತೇನೆ ಎಂದು ಅವರ ಪಕ್ಕ ಕೂತರು. ನಾವು ಎದುರಿನ ಚಹಾದಂಗಡಿಯ ಕಿಟಕಿಯ ಬಳಿ ಕೂತು ಚಹಾ ಹೇಳಿದೆವು.

ಐದು ನಿಮಿಷ ಮುಗಿದು ಒಂದು ಗಂಟೆಯಾಯಿತು. ಇಬ್ಬರೂ ಒಬ್ಬರಿಗೊಬ್ಬರು ಏನೋ ಹೇಳುತ್ತಿದ್ದರು. ಒಮ್ಮೆ ಆಕೆ ಮೊಣಕಾಲು ಮುಟ್ಟಿ ತೋರಿಸಿದರು. ಒಮ್ಮೆ ಅತ್ತೆ ಕೈಯಲ್ಲಿ ಏನೋ ಎತ್ತರ ಅಳೆದು ತೋರಿಸಿದರು, ನಮ್ಮ ಮಗಳ ಎತ್ತರ ಇರಬೇಕು. ನನ್ನ ಗಂಡ ಎರಡು ಸಲ ಗಡಿಯಾರ ನೋಡಿ, ಎರಡು ಸಲವೂ ಏಳಲು ಹೋಗಿ ಕೂತ. ಮೂರನೆಯ ಸಲ ಏಳಲೇ ಇಲ್ಲ, ಸ್ಕೋನ್ ಎಂಬ ಅಲ್ಲಿನ ದಪ್ಪ ಬನ್ನು ಇನ್ನೊಂದು ತರಿಸಿಕೊಂಡ. ಗಿರಣಿಯ ಬಾಗಿಲು ಮುಚ್ಚುವ ಹೊತ್ತು ದಾಟಿತು.

ಅತ್ತೆ ರಸ್ತೆ ದಾಟಿ ಬಂದಾಗ ಅವರ ಮುಖ ಕೆಂಪಾಗಿತ್ತು, ಬಿಸಿಲಿಗೋ ಮಾತಿಗೋ.

"ಏನ್ ಮಾತಾಡಿದ್ರಿ ಅತ್ತೆ ಅಷ್ಟು ಹೊತ್ತು?" ಎಂದು ಕೇಳಿದೆ.

"ಮಣಕಾಲ ನೋವು," ಎಂದರು. "ಆಮ್ಯಾಲೆ ಆಕಿ ಅಳಿಯಾ ಸರಿ ಇಲ್ಲಂತ, ಅದು. ಆಮ್ಯಾಲೆ ಉಳ್ಳಾಗಡ್ಡಿ ಇಟ್ಟರ ಇಲ್ಲೂ ಮೊಳಕಿ ಒಡೀತಾವಂತ."

"ಎಲ್ಲಾ ತಿಳೀತಾ?"

"ಅರ್ಧ ತಿಳೀತು. ಆಕಿಗೂ ನಂದು ಅರ್ಧನ ತಿಳದಿರಬೇಕು." ಅವರು ಕುರ್ಚಿ ಎಳೆದು ಕೂತು, ನನ್ನ ಗಂಡನ ತಟ್ಟೆಯಲ್ಲಿದ್ದ ಸ್ಕೋನಿನ ಅರ್ಧವನ್ನು ಮುರಿದುಕೊಂಡರು. ಅಂಗಡಿಯ ಹುಡುಗಿ ಬಂದು ಏನು ಬೇಕೆಂದು ಕೇಳಿದಳು. ಅತ್ತೆ ಅವಳನ್ನು ನಿಧಾನವಾಗಿ ಹೇಳು ಎನ್ನಲಿಲ್ಲ. ಚಹಾ, ಹಾಲು ಬೇರೆ, ಸಕ್ಕರೆ ಎರಡು ಚಮಚ ಎಂದರು. ಅವಳು ಅಷ್ಟನ್ನೇ ತಂದಳು.